ಕಿಟಕಿಯಲ್ಲೊಬ್ಬ ಗಾಳಿ ಪತ್ತೇದಾರ

ಪುಯೆಬ್ಲಾ ಊರಿನ ಗಾಳಿಯನ್ನು ಒಂದೇ ವಾರದಲ್ಲಿ ಕಟಕಟೆಗೆ ಎಳೆಯುತ್ತೇನೆ ಎಂದು ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದೆ!

ಒಂಬತ್ತು ತಿಂಗಳ ಮಗ ತಾದೆಯೊನ ಕೆಮ್ಮು ನಿಂತಿರಲಿಲ್ಲ. "ಗಾಳಿ ಕೆಟ್ಟಿದ್ರೆ ಮನೆ ಬದಲಿಸಮ್ಮ" ಎಂದಿದ್ದರು ಡಾಕ್ಟರು. ನಿಂಬೆಗಿಡ ಈಗಷ್ಟೇ ಹೂ ಬಿಟ್ಟ ಮನೆ, ಬಿಡುವುದು ಹೇಗೆ! ನನ್ನ ಗುಮಾನಿ ಎದುರಿನ ಬಸ್ ನಿಲ್ದಾಣದ ಮೇಲೆ. ವಿಶ್ವವಿದ್ಯಾಲಯದವರು ಹಂಚಿದ ಅಗ್ಗದ ಡಬ್ಬಿಯೊಂದನ್ನು ತಂದು ಕಿಟಕಿಯ ಹೊರಬದಿಗೆ ಸಿಕ್ಕಿಸಿದೆ. ಒಳಗೊಂದು ಬಿಳಿ ಕಾಗದ. ವಿಷಾನಿಲ ತಾಗಿದರೆ ಅದು ಕೆಂಪಗಾಗುತ್ತದೆ, ಗಾಳಿ ತಿಳಿಯಾದರೆ ಮತ್ತೆ ಬಿಳಿ. ಅದನ್ನೇ ದಿಟ್ಟಿಸುವ ಗಾಜಿನ ಕಣ್ಣು ಹೊರಗೆ ಹಸಿರು, ಹಳದಿ, ಕೆಂಪು ದೀಪ ಹೊತ್ತಿಸುತ್ತದೆ.

ಬೀದಿಯವರೆಲ್ಲ ಬಂದು "ಅಯ್ಯೋ, ಎಷ್ಟು ಮುದ್ದಾಗಿದೆ!" ಎಂದರು. ಮುಟ್ಟದೆ ಹೊಗಳಿದರೆ ನಮ್ಮಲ್ಲಿ ದೃಷ್ಟಿಯಾಗದೆ ಬಿಟ್ಟೀತೇ? ಮಗನ ಕೈಗೆ ಕಟ್ಟಿದಂಥದೇ ಜಿಂಕೆಕಣ್ಣಿನ ಬೀಜವನ್ನು ಕೆಂಪು ರಿಬ್ಬನ್ನಿಗೆ ಪೋಣಿಸಿ ಡಬ್ಬಿಗೂ ಕಟ್ಟಿದೆ. ವಿಜ್ಞಾನಕ್ಕೂ ರಕ್ಷಣೆ ಬೇಡವೇ?

ಅಂದಿನಿಂದ ಕೆಂಪೋ ಕೆಂಪು! ಮಳೆ ಸುರಿದರೂ ಕೆಂಪು, ಬಸ್ಸಿಲ್ಲದ ಭಾನುವಾರವೂ ಕೆಂಪು! ಕಿಟಕಿ ಮುಚ್ಚಿದೆ, ಮನೆ ಬಿಡಲೆಂದು ಪಾತ್ರೆಗಳನ್ನು ಗಂಟು ಕಟ್ಟಿದೆ. ನಿಲ್ದಾಣದಲ್ಲಿ ಮೊದಲು ಸಿಕ್ಕಿದ ಬಸ್ ಚಾಲಕ ದೋನ್ ನಾಬೋರ್ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತೆ.

"ನಿಂತ ಬಸ್ಸಿನ ಇಂಜಿನ್ ಯಾಕ್ರೀ ಗುರುಗುಟ್ಟಿಸ್ತೀರಾ? ನನ್ನ ಮಗು ಉಸಿರಾಡ್ಬಾರ್ದಾ? ಡಬ್ಬಿ ಎಲ್ಲಾ ಹೇಳ್ತಿದೆ!"

"ಅಷ್ಟು ಬುದ್ಧಿವಂತ ಡಬ್ಬಿ ಆದ್ರೆ ಕಳಿಸಿ ಸೆನ್ಯೋರಾ, ಟಿಕೆಟ್ ಕೊಡಲಿ!"

ಸಂಜೆ ನನ್ನ ಗಂಡ ಆನ್ಸೆಲ್ಮೊ ಡಬ್ಬಿ ಬಿಚ್ಚಿದ. ರಿಬ್ಬನ್ನಿನ ತುದಿ ಗಾಳಿಕಿಂಡಿಯಿಂದ ಒಳಗೆ ಜಾರಿ ಕಾಗದದ ಮೇಲೆ ಹಾಯಾಗಿ ಮಲಗಿತ್ತು!

"ಚಾಯೋ," ಎಂದು ನನ್ನ ಹೆಸರು ಹಿಡಿದು ಕೂಗಿದ, "ನಿನ್ನ ಪತ್ತೇದಾರ ನಾಲ್ಕು ದಿನದಿಂದ ನೋಡ್ತಿರೋದು ಗಾಳೀನಲ್ಲ, ನಿನ್ನ ರಿಬ್ಬನ್ನ!"

"ಮೆತ್ತಗೆ ಮಾತಾಡು ಮಾರಾಯ, ಬೀದಿಗೆ ಕೇಳ್ಸುತ್ತೆ!"

"ಕಿಟಕಿ ಮುಚ್ಚಿ ನಾಲ್ಕು ದಿನ ಆಯ್ತಲ್ಲ, ಏನೂ ಕೇಳ್ಸಲ್ಲ ಬಿಡು."

ರಿಬ್ಬನ್ ಎಳೆದೆವು. ಹಸಿರು! ಆದರೆ ಮರುದಿನ ಬೆಳಿಗ್ಗೆ ದೋನ್ ನಾಬೋರ್ ಇಂಜಿನ್ ಗುರುಗುಟ್ಟಿಸುತ್ತ ನಿಂತ ಅರ್ಧ ಗಂಟೆ ದೀಪ ಹಳದಿಯಾಗಿ, ಕೆಂಪಾಗಿ, ಬಸ್ಸು ಹೊರಟ ಮೇಲೆ ಮತ್ತೆ ಹಸಿರಾಯಿತು. ಮನೆ ಬಿಡಬೇಕಿಲ್ಲ! ಆ ಅರ್ಧ ಗಂಟೆ ಇಂಜಿನ್ ಆರಿದರೆ ಸಾಕು. ಆದರೆ ಸುಳ್ಳು ಸಾಕ್ಷಿ ಹಿಡಿದು ಬೈದವಳ ಮಾತು ಯಾರು ನಂಬಬೇಕು? ಹೋಗಿ ಎಲ್ಲ ಒಪ್ಪಿಕೊಂಡೆ. ದೋನ್ ನಾಬೋರ್ ಮೀಸೆ ಕುಣಿಯುವಂತೆ ನಕ್ಕರು.

"ಆಯ್ತು, ಮಗೂಗೋಸ್ಕರ ಆರಿಸ್ತೀನಿ. ಆದ್ರೆ ನನ್ನ ಬಸ್ಸು ಮುದುಕಿ. ಒಮ್ಮೆ ಮಲಗಿದ್ರೆ ತಾನಾಗಿ ಏಳಲ್ಲ. ನೀವೇ ತಳ್ಬೇಕು!"

ವಾರವಾಯಿತು. ಕೈಯಲ್ಲಿ ತಮಾಲೆ ಕಡುಬು ಹಿಡಿದ ಪ್ರಯಾಣಿಕರ ನಡುವೆ, ಏಪ್ರನ್ ತೊಟ್ಟೇ ಬೀದಿಯ ತುದಿಯವರೆಗೆ ಬಸ್ಸು ತಳ್ಳುತ್ತೇನೆ. 'ಭುಸ್' ಎಂದು ಅದು ಎದ್ದು ಹೊರಟರೆ ಮುಖದ ತುಂಬ ಮಸಿ. ತೆರೆದ ಕಿಟಕಿಯಲ್ಲಿ, ಅಪ್ಪನ ತೋಳಿನಲ್ಲಿ, ತಾದೆಯೊ ಕೇಕೆ ಹಾಕಿ ನಗುತ್ತಾನೆ.

ಈಗ ಕೆಮ್ಮುವವಳು ನಾನು!