ಬೋಳು ಬೆನ್ನಿನ ಕಾರು

ಓಟ್ಮಾರ್ ರಾಪರ ಆ ದಿನದ ಪಾಡಿಗೆಲ್ಲ ಮೂಲ, ಕಾರಿನಂಗಡಿಯ ಕುರ್ಟ್ಸ್ ಬೆಳಿಗ್ಗೆ ಬೆಳಿಗ್ಗೆ ಕೇಳಿದ ಒಂದು ಪ್ರಶ್ನೆ. ಅಂಗಡಿಯ ಮುಂದೆ ಒಂದೇ ಬೂದು ಬಣ್ಣದ ಎರಡು ಹೊಸ ಕಾರು ಅಕ್ಕಪಕ್ಕ ನಿಂತಿದ್ದವು. ಒಂದು ಸ್ಟ್ಯಾಂಡರ್ಡ್, ಇನ್ನೊಂದು ಪರ್ಫಾರ್ಮೆನ್ಸ್. "ಯಾವುದು ಸಾರ್ ಕೊಡ್ಲಿ, ಸಾದಾದೋ ಜೋರಿಂದೋ?" ಅಂತ ಕೇಳಿಬಿಟ್ಟ.

ಕೇಳಲೇಬಾರದಿತ್ತು. ಅದಕ್ಕೆ ಉತ್ತರ ಊರೆಲ್ಲ ಸೇರಿ ಎಂದೋ ತೀರ್ಮಾನ ಮಾಡಿಯಾಗಿತ್ತು. ರಾಪರು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಮುಖ್ಯಸ್ಥರು. ಕಾರು ಕಾರ್ಖಾನೆಯದು, ಓಡಿಸುವವರು ಇವರು. ಕಾರ್ಖಾನೆ ಕೊಡುವುದು ಸಾದಾ ಕಾರು. ಜೋರಿನದು ಬೇಕಾದವರು ಮೇಲಿನ ದುಡ್ಡು ತಮ್ಮ ಕಿಸೆಯಿಂದ ಹಾಕಿಕೊಳ್ಳಬಹುದು ಅಂತ ನಿಯಮವೇನೋ ಇದೆ. ಹಾಕಿಕೊಂಡ ಧೈರ್ಯವಂತ ಮಾತ್ರ ಇವತ್ತಿನವರೆಗೆ ಹುಟ್ಟಿಲ್ಲ. ಯಾಕೆಂದರೆ ಯಜಮಾನ ಡೀಟರ್ಲೆ ಅವರೇ ಓಡಿಸುವುದು ಸಾದಾ ಕಾರು. ಯಜಮಾನರಿಗಿಂತ ದೊಡ್ಡ ಎಂಜಿನ್ ಇಟ್ಟುಕೊಂಡವನು ಅಲ್ಲಿ ಉದ್ಧಾರವಾಗುವುದುಂಟೆ? ಖರೀದಿ ವಿಭಾಗದ ಬೆರ್ಟ್‌ಹೋಲ್ಡ್ ಇದನ್ನು ದಿನಾ ಊಟದ ಹೊತ್ತಿಗೆ ನೆನಪಿಸುತ್ತಿದ್ದ. ಹೆಂಡತಿ ಗುಡ್ರುನ್, ಈ ವಯಸ್ಸಲ್ಲಿ ಯಾರನ್ನು ಹಿಡಿಯೋಕೆ ಓಡ್ಬೇಕು ಅಂದಿದ್ದರು. ಜರ್ಮನಿಯ ಈ ಶ್ವಾಬಿಯಾ ಸೀಮೆಯೇ ಹಾಗೆ. ದುಡ್ಡು ಇರಬೇಕು, ಇದೆ ಅಂತ ಕಾಣಬಾರದು.

ಆದರೆ ರಾಪರು ಇನ್ನು ಕೆಲವೇ ವರ್ಷಕ್ಕೆ ನಿವೃತ್ತರಾಗುವವರು. ಇದು ಅವರ ಕೊನೆಯ ಕಾರು. ಊಲ್ಮ್ ನಗರದ ಕಡೆ ಹೋಗುವಾಗ ಹೆದ್ದಾರಿ ಆಲ್ಬ್ ಬೆಟ್ಟ ಹತ್ತುತ್ತದಲ್ಲ, ಆ ಏರಿನಲ್ಲಿ ಇಡೀ ಆಯುಷ್ಯ ಲಾರಿಗಳ ಹಿಂದೆ ಹೊಗೆ ಕುಡಿಯುತ್ತ ಹೋದ ಜೀವ. ಒಂದೇ ಒಂದು ಸಲ ವೇಗವಾಗಿ ಹೋಗುವವರ ಎಡಗಡೆಯ ಸಾಲಿಗೆ ಹೊರಳಿ, ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟಿಸಿ, ಎಲ್ಲರನ್ನೂ ಹಿಂದೆ ಹಾಕಿ ಮೇಲೆ ಹತ್ತಬೇಕು. ಆಸೆ ಅಷ್ಟೇ.

"ಜೋರಿಂದು" ಅಂದುಬಿಟ್ಟರು. ಅಂದ ಕೂಡಲೇ ಯಾರಾದರೂ ಕೇಳಿಸಿಕೊಂಡರೇನೋ ಅಂತ ಬೀದಿಯ ಆಚೆ ಈಚೆ ನೋಡಿದರು.

ಕುರ್ಟ್ಸ್ ಇಂಥವರನ್ನು ಬಹಳ ಕಂಡವನು. "ಹೆದರ್ಬೇಡಿ ಸಾರ್. ಎಂಜಿನ್ ಎಂಥದ್ದು ಅಂತ ಹಿಂದೆ ಅಕ್ಷರ ಅಂಟಿಸಿರ್ತಾರೆ, ಅದನ್ನ ಕಿತ್ತುಹಾಕೋಣ. ಈ ಊರಲ್ಲಿ ಜನ ನೋಡೋದು ಬೆನ್ನೊಂದೇ" ಅಂದ. ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಊದಿ, ಸಂದಿನಲ್ಲಿ ದಾರ ಆಡಿಸಿ, ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದ. ಕಾರಿನ ಬೆನ್ನು ಬೋಳಾಯಿತು. ರಾಪರು ದುಡ್ಡು ಕಟ್ಟಿದರು. ಸಂಜೆ ಕೆಲಸ ಮುಗಿದ ಕೂಡಲೇ ನೇರ ಆಲ್ಬ್ ಏರಿಗೆ ಹೋಗುವುದು ಅಂತ ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡರು.

ಕನ್ನಡಕ ಮರೆತಿದ್ದರಿಂದ ಮನೆಗೆ ಬಂದರು, ಅದೇ ತಪ್ಪಾಯಿತು. ಆ ವಾರ ಬೀದಿ ಗುಡಿಸುವ ಸರದಿ ಪಕ್ಕದ ಮನೆಯ ಐಸೆಲೆಯಮ್ಮನದು. ಸರದಿ ಬಂದರೆ ಆಕೆ ಗುಡಿಸುವುದು ಸ್ವಲ್ಪ, ಪೊರಕೆಗೆ ಒರಗಿ ಬೀದಿ ಕಾಯುವುದು ಬಹಳ. ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ ಹಿಂದೆ ಬಂದು ನಿಂತಳು.

"ಏನೂ ಬರೆದಿಲ್ವಲ್ಲ ರಾಪರೇ."

"ಸರಳವಾಗಿರ್ಲಿ ಅಂತ, ಅಮ್ಮಾ."

"ಸರಳ ಅಂತೆ. ಚಿಕ್ಕದು ತಗೊಂಡೋರು ಎಲ್ಲಾದ್ರೂ ಮುಚ್ಚಿಡ್ತಾರಾ? ದೊಡ್ಡದು ತಗೊಂಡೋರೇ ಮುಚ್ಚಿಡೋದು. ನಮ್ಮ ಭಾವನೂ ಹೀಗೇ ಮಾಡಿದ್ರು ಪಾಪ, ಸಾಯೋವರೆಗೂ ಜನ ಆಡ್ಕೊಂಡ್ರು."

ಬೋಳು ಬೆನ್ನು ಅಂದರೆ ಜೋರು ಎಂಜಿನ್ ಅಂತ ಆ ಬೀದಿಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತಂತೆ. ಗೊತ್ತಿಲ್ಲದಿದ್ದವರು ರಾಪರೊಬ್ಬರೇ. ಕುರ್ಟ್ಸನಿಗೆ ಗೊತ್ತಿತ್ತು, ಹೇಳಲಿಲ್ಲ. ವ್ಯಾಪಾರಸ್ಥ ಯಾಕೆ ಹೇಳುತ್ತಾನೆ?

ರಾಪರು ಕನ್ನಡಕ ತೆಗೆದುಕೊಂಡು ಹೊರಟು ಬೀದಿಯ ತಿರುವು ದಾಟುವ ಮೊದಲೇ ಮನೆಯಿಂದ ಗುಡ್ರುನ್ ಫೋನು ಬಂತು. "ಐಸೆಲೆಯಮ್ಮ ಏನೋ ಹೇಳ್ತಿದಾರಲ್ರೀ. ಸಾದಾ ತರ್ತೀನಿ ಅಂತ ತಾನೇ ನೀವು ಹೋಗಿದ್ದು?"

"ಸಾದಾನೇ ಕಣೇ. ಅಕ್ಷರ ಇನ್ನೂ ಅಂಟಿಸಿಲ್ಲ" ಅಂದರು ರಾಪರು. ಬಾಯಿಗೆ ಬಂದ ಸುಳ್ಳು. ಅಂದಮೇಲೆ ಅದನ್ನು ನಿಜ ಮಾಡಬೇಕಲ್ಲ, ಕಾರು ತಿರುಗಿಸಿಕೊಂಡು ಮತ್ತೆ ಅಂಗಡಿಗೆ ಹೋದರು. ಕುರ್ಟ್ಸ್ ಮರುಮಾತಾಡದೆ, ಮಾರಾಟವಾಗದೆ ಉಳಿದಿದ್ದ ಸಾದಾ ಕಾರಿನ ಅಕ್ಷರಗಳನ್ನು ಕಿತ್ತು ತಂದು ಇದರ ಬೆನ್ನಿಗೆ ಅಂಟಿಸಿದ. ಈಗ ಯಾರು ನೋಡಿದರೂ ಸಾದಾ ಕಾರು.

ಕಾರ್ಖಾನೆ ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿತ್ತು. ಬೆರ್ಟ್‌ಹೋಲ್ಡ್ ಕಾಫಿ ಲೋಟ ಹಿಡಿದುಕೊಂಡೇ ಓಡಿ ಬಂದ. ಕಾರಿನ ಹಿಂದೆ ಬಗ್ಗಿ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದ. ಅವನ ಮುಖ ಇಳಿದುಹೋಯಿತು. ಊಟದ ಹೊತ್ತಿಗೆ ಆಡಿಕೊಳ್ಳಲು ಏನೂ ಇಲ್ಲವಲ್ಲ ಅಂತ ಬೇಜಾರು. ರಾಪರಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಕಿಟಕಿಯ ಹತ್ತಿರ ನಿಂತು, ಬೆಣ್ಣೆ ಸವರಿದ ಬ್ರೆಟ್ಸೆಲ್ ಬ್ರೆಡ್ಡು ತಿನ್ನುತ್ತ, ಕೆಳಗೆ ನಿಂತಿದ್ದ ತಮ್ಮ ಕಾರನ್ನು ಕಣ್ತುಂಬ ನೋಡಿದರು. ಇನ್ನು ಸಂಜೆಯೊಂದಾದರೆ ಸಾಕು.

ಅಷ್ಟರಲ್ಲಿ ಯಜಮಾನ ಡೀಟರ್ಲೆ ಒಳಗೆ ಬಂದರು. ಎಪ್ಪತ್ತು ದಾಟಿದ ಗಂಭೀರ ಮನುಷ್ಯ, ನಕ್ಕಿದ್ದನ್ನು ಕಂಡವರು ಕಡಿಮೆ. "ರಾಪ್, ನನ್ನ ಕಾರನ್ನ ಚಳಿಗಾಲದ ಟೈರ್ ಹಾಕೋಕೆ ಕೊಟ್ಟಿದೀನಿ. ಊಲ್ಮ್‌ಗೆ ಅರ್ಜೆಂಟಾಗಿ ಹೋಗ್ಬೇಕು. ನಿಮ್ದೂ ನನ್ದೂ ಒಂದೇ ಅಲ್ವಾ? ಕೀ ಕೊಡಿ."

ಅಲ್ಲ ಅನ್ನುವ ಹಾಗಿಲ್ಲ. ರಾಪರು ಕೀ ಕೊಟ್ಟರು.

ಮಧ್ಯಾಹ್ನವೆಲ್ಲ ಒಂದು ಲೆಕ್ಕವೂ ಕೂಡಿ ಬರಲಿಲ್ಲ. ಯಜಮಾನರು ಮಾಮೂಲಿನಂತೆ ಲಾರಿಗಳ ಹಿಂದೆ ಮೆಲ್ಲಗೆ ಹೋಗಿಬರಲಿ ದೇವರೇ ಅಂತ ಮೊದಲು ಬೇಡಿಕೊಂಡರು. ಆಮೇಲೆ ಅದಕ್ಕೂ ಸಾಕಾಗಿ, ಕೆಲಸ ಹೋದರೆ ಹೋಗಲಿ ಅಂತ ತಮ್ಮ ಕಾಫಿ ಲೋಟ, ಹೆಂಡತಿಯ ಫೋಟೋ ಎರಡನ್ನೂ ಚೀಲಕ್ಕೆ ತುಂಬಿಟ್ಟುಕೊಂಡರು. ಕೇಳುವ ಮೊದಲೇ ತಾನೇ ಹೇಳಿಬಿಡುವುದು ವಾಸಿ ಅನ್ನಿಸಿತು.

ಸಂಜೆ ಯಜಮಾನರು ಬಂದರು. ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ಬಾಗಿಲು ಹಾಕಿಕೊಂಡರು. ರಾಪರು ಎದ್ದು ನಿಂತು, "ಯಜಮಾನರೇ, ಒಂದು ಮಾತು ಹೇಳ್ಬೇಕಿತ್ತು" ಅಂದರು.

"ಇರಿ, ಮೊದಲು ನಂದು ಕೇಳಿ. ಆಲ್ಬ್ ಏರಲ್ಲಿ ಯಾಕೋ ಎಡಗಡೆಗೆ ಹೋದೆ. ಸುಮ್ನೆ ಸ್ವಲ್ಪ ಒತ್ತಿದೆ. ರಾಪ್, ನಾನು ಹುಡುಗ ಆಗ್ಬಿಟ್ಟೆ." ಕುರ್ಚಿಯಲ್ಲಿ ಕೂತು ಅವರು ನಿಜವಾಗಿಯೂ ನಕ್ಕರು. "ನಂದೂ ಅದೇ ಕಾರು, ಅದೇ ಎಂಜಿನ್. ಆದ್ರೆ ಕತ್ತೆ ಥರ ಏದುಸಿರು ಬಿಡುತ್ತೆ. ಒಂದೇ ಹೊಟ್ಟೇಲಿ ಹುಟ್ಟಿದ ಮಕ್ಕಳೂ ಒಂದೇ ಥರ ಇರಲ್ಲ ನೋಡಿ."

ರಾಪರು ಚೀಲವನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದರು.

"ನಿಮಗೊಬ್ರಿಗೇ ಹೇಳ್ತೀನಿ. ಜೋರಿಂದು ತಗೋಬೇಕು ಅಂತ ನಂಗೂ ಬಹಳ ಆಸೆ ಇತ್ತು. ನಾನು ತಗೊಂಡ್ರೆ ನಾಳೆ ಎಲ್ರೂ ತಗೋತಾರೆ ಅಂತ ಹಲ್ಲು ಕಚ್ಚಿ ತಡ್ಕೊಂಡಿದ್ದೆ. ಯಾವನಾದ್ರೂ ನನ್ನ ಕಣ್ಣಿಗೆ ಮಣ್ಣೆರಚಿ ತಗೊಂಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ. ಈಗ ಆ ರಗಳೆನೇ ಇಲ್ಲ. ನಿಮ್ಮ ಸಾದಾ ಕಾರು ನಂಗಿರ್ಲಿ, ನನ್ನ ಸಾದಾ ಕಾರು ನಿಮಗೆ. ಎರಡೂ ಕಾರ್ಖಾನೇದೇ. ಯಾರಿಗೇನು ನಷ್ಟ?" ಕೀಯನ್ನು ತಮ್ಮ ಕಿಸೆಗೆ ಹಾಕಿಕೊಂಡರು. "ಅಂದಹಾಗೆ, ನೀವೇನೋ ಹೇಳ್ಬೇಕು ಅಂದ್ರಲ್ಲ?"

ರಾಪರು ಚೀಲದಿಂದ ಕಾಫಿ ಲೋಟ ತೆಗೆದು ಮತ್ತೆ ಮೇಜಿನ ಮೇಲಿಟ್ಟರು. "ಏನಿಲ್ಲ ಯಜಮಾನರೇ. ಆ ಹೊಸ ಕಾರಿಗೂ ಚಳಿಗಾಲದ ಟೈರ್ ಹಾಕಿಸ್ಬೇಕು ಅಂತ."

ಟೈರ್ ಹಾಕಿಸಿಕೊಂಡು ಬಂದಿದ್ದ ಯಜಮಾನರ ಹಳೇ ಕಾರು ಏದುಸಿರು ಬಿಡುತ್ತ ಮನೆ ಸೇರುವಾಗ ಗುಡ್ರುನ್ ಬಾಗಿಲಲ್ಲೇ ಇದ್ದರು. ನಡೆದದ್ದನ್ನು, ಅಂದರೆ ಹೇಳಬಹುದಾದಷ್ಟನ್ನು, ರಾಪರು ಹೇಳಿದರು. ಆಕೆಗೆ ಹಿಡಿಸಲಾರದಷ್ಟು ಸಂತೋಷ. ಬೀದಿಗೆಲ್ಲ ಕೇಳಲಿ ಅಂತಲೇ ದನಿ ಏರಿಸಿ, "ನೋಡಿದ್ರಾ? ಸಾದಾ ಸಾಕು ಅಂತ ಇದ್ದಿದ್ದಕ್ಕೆ ಯಜಮಾನ್ರು ತಾವು ಓಡಿಸೋ ಕಾರನ್ನೇ ಕೊಟ್ರು. ಜೋರಿಂದು ತಗೊಂಡಿದ್ರೆ ನಿಮಗೆ ಸಿಗ್ತಿತ್ತಾ ಇದು?" ಅಂದರು.

"ಸಿಗ್ತಿರ್ಲಿಲ್ಲ" ಅಂತ ರಾಪರು ಒಪ್ಪಿಕೊಂಡು, ಬೂಟು ಬಿಚ್ಚಲು ಕೂತರು.