ಮಾಮಾನ ಜೀಪಿಗೆ ಉದ್ದ ಹೆಜ್ಜೆ

ಜಗತ್ತಿನಲ್ಲಿ ವಾರದ ರಜೆ ಪಡೆಯುವ ಜೀಪು ಒಂದೇ ಒಂದಿದ್ದರೆ ಅದು ನಮ್ಮ ಸೋದರಮಾವನದು. ಸರಕಾರಿ ನೌಕರರಿಗೆ ಭಾನುವಾರ ರಜೆ, ಕಟಿಂಗ್ ಅಂಗಡಿಗೆ ಮಂಗಳವಾರ ರಜೆ, ನಮ್ಮ ಮಾಮಾನ ಜೀಪಿಗೆ ಸೋಮವಾರ ರಜೆ! ಅವತ್ತು ಊರಿಗೆ ಮಂತ್ರಿ ಬಂದರೂ, ಮನೆಗೆ ಬೀಗರು ಬಂದರೂ ಅದು ಹೊರಡುವುದಿಲ್ಲ. ಕೀಲಿಕೈ ದೇವರ ಜಗಲಿಯ ಮೇಲೆ ಬಸವಣ್ಣನ ಮುಂದಿರುತ್ತದೆ. ಮಾಮಾ ಸೈಕಲ್ ಹತ್ತುತ್ತಾನೆ.

ಅವನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಜೀಪು ತಂದು ಗಂಗಾವತಿಯ ನನ್ನ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಕೀಲಿಕೈ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೋಗುವ ಮನುಷ್ಯ ಅವನು. ಒಮ್ಮೆ ಹಾಗೆ ಮಾಡಿಯೂ ಇದ್ದಾನೆ. ಅವತ್ತು ಭಾನುವಾರ ಸಂಜೆ. ಜೀಪು ಮತ್ತೆ ಅಲುಗಾಡಿದ್ದು ಮಂಗಳವಾರ!

ಹನುಮಸಾಗರದ ಆಚೆ ಒಂದು ಸಣ್ಣ ಊರು ಅವನದು. ಜೀಪಿಗಿಂತ ಮೊದಲು ಅವನಲ್ಲಿ ಒಂದು ಜೋಡಿ ಎತ್ತಿದ್ದವು. ಎರಡೂ ಮುಪ್ಪಾಗಿ, ಒಂದರ ಹಿಂದೆ ಒಂದು ಅವನ ಕೊಟ್ಟಿಗೆಯಲ್ಲೇ ಕಣ್ಣು ಮುಚ್ಚಿದವು. ಬೇರೆ ಎತ್ತು ತರಲು ಮನಸ್ಸಾಗಲಿಲ್ಲ. ಅದರ ಬದಲು ಯಾವುದೋ ಇಲಾಖೆಯವರು ಹರಾಜಿಗಿಟ್ಟ ಹಳೆಯ ಜೀಪು ಹಿಡಿದು ತಂದ. ನಾಲ್ಕೂ ಗಾಲಿ ಎಳೆಯುವಂಥದ್ದು. ಎರೆಹೊಲದ ಕೆಸರಿನಲ್ಲಿ ಟ್ರಾಕ್ಟರು ಹೂತುಕೊಂಡರೂ ಎಳೆದು ಹಾಕುವಂಥದ್ದು.

“ನಾಕೂ ಕಾಲು ಎಳಿತಾವಂದಮ್ಯಾಲ ಅದು ಎತ್ತ ಅಲ್ಲೇನು?” ಅಂದ ಮಾಮಾ.

ಅಲ್ಲ ಎನ್ನಲು ಯಾರಿಗೆ ಧೈರ್ಯ? ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಮೂತಿ ಮೇವಿನ ಗೋದಲಿಗೆ ತಾಗಿಸಿ ಜೀಪು ನಿಲ್ಲಿಸಿದ. ಕಾರಹುಣ್ಣಿಮೆ ಬಂದರೆ ಬಂಪರಿನ ಎರಡೂ ತುದಿಗೆ ಕೊಂಬಿನ ಹಾಗೆ ಬಣ್ಣ ಬಳಿಯುತ್ತಾನೆ. ಹೋಳಿಗೆ ತಿನ್ನಿಸಲು ಹೋಗಿದ್ದನೆಂದು ಊರವರು ಹೇಳುತ್ತಾರೆ. ಅದು ಸುಳ್ಳು. ಬಾನೆಟ್ಟಿನ ಮೇಲೆ ಇಟ್ಟಿದ್ದನಷ್ಟೆ! ಇನ್ನು ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅವತ್ತು ಯಾರೂ ಎತ್ತು ಹೂಡುವುದಿಲ್ಲ. ಮಾಮಾ ಜೀಪು ಹೂಡುವುದಿಲ್ಲ.

ಇಷ್ಟಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಆ ಜೀಪಿನಿಂದಾಗಿ ನಮ್ಮ ಅವ್ವ ಮೂರು ವರ್ಷ ಪಂಚಮಿಗೆ ತವರಿಗೆ ಹೋಗಲಿಲ್ಲ.

ಅವ್ವ ನನ್ನ ಜೊತೆ ಗಂಗಾವತಿಯಲ್ಲಿದ್ದಾಳೆ. ಮಾಮಾ ಅವಳ ಒಬ್ಬನೇ ತಮ್ಮ. ಪಂಚಮಿ ಹತ್ತಿರ ಬಂತೆಂದರೆ ತವರಿನಿಂದ ಬಂದು ಕರೆದುಕೊಂಡು ಹೋಗಬೇಕು. ಅದು ನಮ್ಮ ಕಡೆ ಹೆಣ್ಣುಮಕ್ಕಳ ಹಕ್ಕು. ಮೊದಲು ಚಕ್ಕಡಿ ಬರುತ್ತಿತ್ತು, ಆಮೇಲೆ ಜೀಪು. ಮೂರು ವರ್ಷದ ಹಿಂದೆ ಅವ್ವನಿಗೆ ತಲೆ ತಿರುಗುವ ಬೇನೆ ಶುರುವಾಯಿತು. ಕಿವಿಯೊಳಗಿನ ದೋಷವೆಂದು ಡಾಕ್ಟರು ಹೇಳಿದರು. ಹೆಚ್ಚು ಸದ್ದಾದರೆ ಅವಳಿಗೆ ಭೂಮಿ ಗಿರಗಿರ ತಿರುಗುತ್ತದೆ. ಮಾಮಾನ ಜೀಪೋ, ಐವತ್ತು ದಾಟಿತೆಂದರೆ ಆಕಾಶಕ್ಕೆ ಕೇಳುವಂತೆ ಒದರುತ್ತದೆ. ನಿಧಾನ ಹೋದರೆ ದಿನವಿಡೀ ಕುಲುಕಾಟ.

“ನಿನ್ನ ಜೀಪಿನ್ಯಾಗ ಕುಂತ್ರ ನಾ ಗಿರಣ್ಯಾಗ ಹಾಕಿದ ಜ್ವಾಳ ಆಗತೀನಿ. ನಾ ಒಲ್ಲೆಪಾ,” ಎಂದಳು ಅವ್ವ.

“ಹಂಗಾದ್ರ ಬಾಡಿಗಿ ಕಾರು ಮಾಡೋಣ,” ಎಂದೆ ನಾನು. ತಪ್ಪಾಯಿತು! ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು.

“ಬಾಡಿಗಿ ಗಾಡ್ಯಾಗ ಅಕ್ಕನ್ನ ಕರಿಯಾಕ ಬರಾಕ ನಾ ಏನು ಪರದೇಶಿ ಅದೀನೇನಲೇ?”

“ತವರಿನ ಗಾಡಿ ಬಂದ್ರ ಹೋಗತೀನಿ. ಬಾಡಿಗಿ ಗಾಡಿ ಹತ್ತಾಕ ನಾ ಏನು ಸಂತಿಗೆ ಹೊಂಟೀನೇನು?”

ಮೂರು ವರ್ಷವೂ ಮಾಮಾ ಬಂದ, ಉಂಡಿ ಡಬ್ಬಿ ಇಟ್ಟ, ಖಾಲಿ ಸೀಟು ಹೊತ್ತುಕೊಂಡು ಹೋದ. ಜೀಪಿನ ಸದ್ದು ಕನಕಗಿರಿ ರಸ್ತೆಯಲ್ಲಿ ಕರಗುವವರೆಗೂ ಅವ್ವ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಆಮೇಲೆ ಎರಡು ದಿನ ಸಾರಿಗೆ ಉಪ್ಪು ಹೆಚ್ಚು.

ನನ್ನ ವಿಷಯ ಎರಡು ಮಾತು. ನಾನು ಏಳನೆಯ ತರಗತಿಗೆ ಸಾಲಿ ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದವನು. ದೊಡ್ಡ ಶೋರೂಮಿನವರು ಕಂಪ್ಯೂಟರ್ ಹಚ್ಚಿ ನೋಡಿ ಕೈಬಿಟ್ಟ ಗಾಡಿಗಳನ್ನು ಕಿವಿ ಹಚ್ಚಿ ಕೇಳಿ ರಿಪೇರಿ ಮಾಡಿದ್ದೇನೆ. ‘ನನಗೆ ಗೊತ್ತಿಲ್ಲ’ ಎಂಬ ಮಾತೊಂದನ್ನು ಬಿಟ್ಟು ಉಳಿದೆಲ್ಲ ಸಾಮಾನು ನನ್ನ ಗ್ಯಾರೇಜಿನಲ್ಲಿ ಸಿಗುತ್ತದೆ. ಅಂಥ ನನ್ನ ಮುಂದೆ ಒಂದು ದಿನ ಮಾಮಾ ಬಂದು ಫೋನು ಹಿಡಿದ. ಯಾವುದೋ ದೇಶದ ಬಿಳಿಗಡ್ಡದವನೊಬ್ಬ ಥೇಟ್ ನಮ್ಮಂಥದೇ ಜೀಪಿನ ಕೆಳಗೆ ಮಲಗಿ ಏನೋ ಜೋಡಿಸುತ್ತಿದ್ದ.

“ಇದಕ್ಕ ಓವರ್‌ಡ್ರೈವ್ ಅಂತಾರ ಅಳಿಯಾ. ಇದನ್ನ ಹಾಕಿದ್ರ ಎಂಜಿನ್ ನಾಕು ಸುತ್ತು ಸುತ್ತೋ ಕಡೆ ಮೂರ ಸುತ್ತು. ಸ್ಪೀಡು ಅಷ್ಟ, ಒದರೋದು ಕಮ್ಮಿ. ಎತ್ತು ದಬದಬ ಓಡೂದು ಬ್ಯಾರೆ, ಉದ್ದ ಹೆಜ್ಜಿ ಹಾಕೂದು ಬ್ಯಾರೆ. ನಮ್ಮ ಜೀಪಿಗೆ ಉದ್ದ ಹೆಜ್ಜಿ ಕಲಿಸು. ಈ ಪಂಚಮಿಗೆ ಅಕ್ಕ ಅದರಾಗ ಕುಂದರಬೇಕು.”

ನಾನು ಓವರ್‌ಡ್ರೈವ್ ಎಂಬುದನ್ನು ಜನ್ಮದಲ್ಲಿ ಕಂಡಿರಲಿಲ್ಲ. ಹಾಗೆಂದು ಹೇಳುವುದುಂಟೆ? “ಅದೆಲ್ಲಾ ಆ ದೇಶದ ಗಾಡಿಗೆ ಮಾಮಾ, ನಮ್ಮ ಹವಾಕ್ಕ ಬರಂಗಿಲ್ಲ,” ಎಂದೆ.

“ಅಂದ್ರ ನಿನಗ ಬರಂಗಿಲ್ಲ.”

“ಯಾರಿಗೆ? ನನಗ? ತಂದು ಕೊಡು, ಹಾಕಿ ತೋರಸ್ತೀನಿ! ಒಂದು ಹನಿ ಎಣ್ಣಿ ಸೋರಿದ್ರ ಗ್ಯಾರೇಜಿನ ಬೋರ್ಡ್ ಇಳಸ್ತೀನಿ!”

ಚಹಾ ಕುಡಿಯುತ್ತ ನಿಂತಿದ್ದ ನಾಲ್ಕು ಜನ ಡ್ರೈವರುಗಳು ಇದಕ್ಕೆ ಸಾಕ್ಷಿ. ಹೀಗೆ ಅವ್ವನ ತವರು, ನನ್ನ ಮಾನ, ಎರಡೂ ಒಂದೇ ಕಬ್ಬಿಣದ ಪೆಟ್ಟಿಗೆಗೆ ಜೋತುಬಿದ್ದವು.

ಮಾಮಾ ಹುಬ್ಬಳ್ಳಿಯ ಗುಜರಿಗಳಲ್ಲಿ ನಾಲ್ಕು ಸಲ ಅಲೆದ. ಐದನೆಯ ಸಲ ಸಿಕ್ಕಿತು. ಕಲ್ಲಂಗಡಿಯಷ್ಟು ದಪ್ಪದ ಆ ವಸ್ತುವನ್ನು ಕೌದಿಯ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಕಂಡಕ್ಟರ್ ಲಗೇಜು ಟಿಕೆಟ್ ಕೇಳಿದ.

“ಸಣ್ಣ ಕೂಸ್ರಿ. ಮಲಗೈತಿ.”

ಕಂಡಕ್ಟರ್ ಬಗ್ಗಿ ಕೌದಿ ನೋಡಿದನಂತೆ. ಆಮೇಲೆ ಮಾಮಾನ ಬಿಳಿ ಧೋತರ ನೋಡಿದ.

“ಯಜಮಾನ್ರ, ನಿಮ್ಮ ಕೂಸು ಕರೀ ಎಣ್ಣಿ ಸೋರಿಸಾಕತ್ತೈತಿ ನೋಡ್ರಿ!”

ಟಿಕೆಟ್ ತೆಗೆಸಲೇಬೇಕಾಯಿತು. ಧೋತರ ಇವತ್ತಿಗೂ ನನ್ನ ಗ್ಯಾರೇಜಿನಲ್ಲಿ ಕೈ ಒರೆಸುವ ಅರಿವೆಯಾಗಿ ಸೇವೆ ಸಲ್ಲಿಸುತ್ತಿದೆ.

ಕೆಲಸ ಶನಿವಾರ ಶುರು. ಫೋನನ್ನು ಗಾಲಿಗೆ ಆನಿಸಿಟ್ಟು, ಬಿಳಿಗಡ್ಡದವನನ್ನು ನೋಡುತ್ತ ನಾನು ಜೀಪಿನ ಕೆಳಗೆ ಹೊಕ್ಕೆ. ಅವನು ಏನೇನೋ ವಟಗುಟ್ಟುತ್ತಿದ್ದ. ನನಗೆ ತಿಳಿಯಲಿಲ್ಲ. ಮಾಮಾ ಫೋನಿನ ಬಾಯಿ ಮುಚ್ಚಿದ.

“ಅವನ ಮಾತ ಕಟಗೊಂಡು ನಮಗೇನು? ಕೈ ನೋಡು. ಪಾನಾ ಹಿಡಿದ ಕೈಗೆ ಯಾವ ಭಾಷಾ ಐತಿ?”

ಈ ಮಾತನ್ನು ನಾನು ಗ್ಯಾರೇಜಿನ ಗೋಡೆಗೆ ಬರೆಸಬೇಕೆಂದಿದ್ದೇನೆ. ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುವುದು ಅದೇ. ಅದರ ಹಿಂದಿನ ಮುಚ್ಚಳ ತೆಗೆದು, ಒಳಗಿನ ಒಂದು ಹಲ್ಲುಗಾಲಿ ಹೊರಗೆಳೆದು, ಆ ಜಾಗಕ್ಕೆ ಓವರ್‌ಡ್ರೈವನ್ನು ಕೂಡಿಸಬೇಕು. ಹೇಳಲು ಸುಲಭ. ಆ ಹಲ್ಲುಗಾಲಿಯ ನಟ್ಟು ಬಿಚ್ಚಲು ಭಾನುವಾರ ಸಂಜೆಯಾಯಿತು. ಇನ್ನು ರಾತ್ರಿ ಕಳೆದರೆ ಬೆಳಗ್ಗೆ ಕೂಡಿಸುವುದೊಂದೇ ಬಾಕಿ.

ಬೆಳಗಾದದ್ದು ಸೋಮವಾರ! ನಾನು ಪಾನಾ ಹಿಡಿದು ಹೋದರೆ ಜೀಪಿನ ಮೇಲೆ ಕೌದಿ ಹೊದಿಸಿದೆ, ಪಕ್ಕದಲ್ಲಿ ಮಾಮಾ ಕುಳಿತಿದ್ದಾನೆ.

“ಇವತ್ತ ಮುಟ್ಟಬ್ಯಾಡ.”

“ಮಾಮಾ, ಹೊಟ್ಟಿ ಕೊಯ್ದು ಮಲಗಿಸೀನಿ! ಆಪರೇಷನ್ ನಡಬರಕ ಡಾಕ್ಟರು ರಜಾ ಹಾಕ್ತಾರೇನು?”

“ನಾಳಿ ಹೊಲಿ. ಇವತ್ತ ಬಸವಣ್ಣ ಮಲಗ್ಲಿ.”

ಭತ್ತದ ಲಾರಿ, ಎರಡು ಟಂಟಂ, ಒಂದು ಟ್ರಾಕ್ಟರು ರಸ್ತೆಯಲ್ಲೇ ಕಾದು ನಿಂತವು. ಬಸವಣ್ಣ ಮಲಗಿದ.

ಮಂಗಳವಾರ ಓವರ್‌ಡ್ರೈವ್ ಕುಳಿತಿತು. ನೆಲದ ತಗಡಿಗೆ ತೂತು ಕೊರೆದು ಅದರ ಹಿಡಿಕೆಯನ್ನು ಮೇಲೆ ತಂದೆ. ಹಿಡಿಕೆಯ ತುದಿಗೆ ಗುಂಡು ಬೇಕಿತ್ತು. ಮಾಮಾ ಕಿಸೆಯಿಂದ ಒಂದು ಹಿತ್ತಾಳೆಯ ಅಣಸು ತೆಗೆದ. ಬಲಗಡೆಯ ಎತ್ತಿನ ಕೊಂಬಿಗೆ ಹಾಕುತ್ತಿದ್ದದ್ದು. ತಿಕ್ಕಿ ತಿಕ್ಕಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ನಾನು ಅದನ್ನೇ ಹಿಡಿಕೆಗೆ ಕೂಡಿಸಿದೆ.

ಟ್ರಯಲ್‌ಗೆ ಹತ್ತಿರದ ಮರಳಿ ಎಂಬ ಊರಿನ ಕಡೆಗೆ ಹೊರಟೆವು. ಎರಡೂ ಕಡೆ ಭತ್ತದ ಗದ್ದೆ. ಜೀಪು ಐವತ್ತು ದಾಟಿ ಒದರತೊಡಗಿತು. “ಈಗ ಕ್ಲಚ್ ಒತ್ತಿ ಎಳಿ ಮಾಮಾ,” ಎಂದೆ. ಎಳೆದ. ಸದ್ದು ತಟ್ಟನೆ ಇಳಿಯಿತು. ಮಾಮಾ ಗಾಬರಿಯಾಗಿ ನಡುರಸ್ತೆಯಲ್ಲಿ ಬ್ರೇಕ್ ಒತ್ತಿಬಿಟ್ಟ! ಹಿಂದಿದ್ದ ಲಾರಿಯವನು ನಮ್ಮ ಏಳು ತಲೆಮಾರನ್ನು ನೆನೆಸಿ ಪಕ್ಕದಿಂದ ಹೋದ.

“ಅಳಿಯಾ, ಎಂಜಿನ್ ಸತ್ತು ಹೋತಲ್ಲೋ!”

“ಸತ್ತಿಲ್ಲ ಮಾಮಾ. ನಿರಾಳಾಗಿ ಉಸಿರು ಬಿಟ್ಟೈತಿ.”

ಅವನು ಡ್ಯಾಶ್‌ಬೋರ್ಡಿನ ಮೇಲೆ, ಎತ್ತಿನ ಬೆನ್ನ ಮೇಲೆ ಆಡಿಸುವ ಹಾಗೆ ಕೈ ಆಡಿಸಿದ. “ಇಷ್ಟ ದಿನ ಏದುಸಿರು ಬಿಡಿಸಿಕೋಂತ ಓಡಿಸೀನಲ್ಲೋ ಯಪ್ಪಾ,” ಎಂದ. ನನಗೆ ಹೇಳಿದ್ದಲ್ಲ, ಜೀಪಿಗೆ.

ಪಂಚಮಿ ಹತ್ತಿರ ಬಂತು. ಭಾನುವಾರ ಮಧ್ಯಾಹ್ನ ಮಾಮಾ ತಲೆಗೆ ಹೊಸ ಪಟಕಾ ಸುತ್ತಿ ನಮ್ಮ ಮನೆಯ ಮುಂದೆ ಬಂದು ನಿಂತ.

“ಅಕ್ಕಾ, ಹೊಂಡು!”

“ಇವತ್ತ ನಾಗರ ಅಮಾಸಿ ಅನ್ನೋದು ಖಬರ ಐತೇನು? ಅಮಾಸಿ ದಿನ ನಾ ಹೊಸ್ತಿಲಾ ದಾಟಂಗಿಲ್ಲ.”

ಸೋಮವಾರವೊಂದನ್ನು ಬಿಟ್ಟರೆ ಮಾಮಾನ ಪಂಚಾಂಗದಲ್ಲಿ ಬೇರೇನೂ ಇಲ್ಲ, ಪಾಪ, ನೋಡಿರಲಿಲ್ಲ. “ಮಂಗಳವಾರ ಹೋಗೂಣು,” ಎಂದ. ಒಳಗಿನಿಂದ ನನ್ನ ಹೆಂಡತಿ ಬಂದಳು. “ಮಂಗಳವಾರ ಹೆಣಮಕ್ಕಳನ್ನ ಮನಿ ಬಿಟ್ಟು ಕಳಸಂಗಿಲ್ರಿ ಮಾಮಾ.” ಬುಧವಾರ ರೊಟ್ಟಿ ಹಬ್ಬ, ಪಂಚಮಿ ಶುರುವಾಗುವುದೇ ಅದರಿಂದ, ಅಷ್ಟರೊಳಗೆ ತವರಿನಲ್ಲಿರಬೇಕು. ಉಳಿದದ್ದು ಯಾವುದು? ಎಲ್ಲರೂ ಮಾಮಾನ ಮುಖ ನೋಡಿದೆವು. ಅವನು ಜೀಪಿನ ಮುಖ ನೋಡಿದ.

ಅವ್ವ ನನ್ನ ಕಿವಿಯಲ್ಲಿ, “ಇರಲಿ ಬಿಡಪಾ, ಇನ್ನೊಂದು ವರ್ಷ,” ಎಂದಳು. ಅವಳಿಗೂ ಒಳಗೊಳಗೆ ತಲೆ ತಿರುಗುವ ಭಯ. ಅಮಾವಾಸ್ಯೆಯ ಮರೆಯಲ್ಲಿ ಅಡಗಿದ್ದಳು ಎಂದು ನನ್ನ ಗುಮಾನಿ.

ಸೋಮವಾರ ಬೆಳಗ್ಗೆ ಮಾಮಾ ಸ್ನಾನ ಮಾಡಿ, ಬಾನೆಟ್ಟಿಗೆ ವಿಭೂತಿ ಹಚ್ಚಿ, ಅದರ ಕಿವಿಯಿರಬೇಕಾದ ಜಾಗಕ್ಕೆ ಬಾಗಿ ಏನೋ ಹೇಳಿದ. ಆಮೇಲೆ ಕೀಲಿಕೈ ತಿರುವಿದ. ನಾನು ಬಾಯಿ ತೆರೆದು ನಿಂತೆ.

“ಏನ ನೋಡ್ತಿ? ಹೊಲಕ್ಕ ಹೂಡೂದು ದುಡಿಮಿ. ಅಕ್ಕನ್ನ ಕರಕೊಂಡು ಹೋಗೂದು ದುಡಿಮಿ ಹೆಂಗ ಆಕ್ಕೈತಿ? ಕೇಳೀನಿ, ಹೂಂ ಅಂದೈತಿ.”

ಅವ್ವನಿಗೆ ಇನ್ನು ನೆಪ ಉಳಿಯಲಿಲ್ಲ. ಎರಡೂ ಕಿವಿಗೆ ಹತ್ತಿ ಇಟ್ಟು, ಸೆರಗು ಬಿಗಿದು, ಕಣ್ಣು ಮುಚ್ಚಿ ಮುಂದಿನ ಸೀಟಿನಲ್ಲಿ ಕುಳಿತಳು. ಎಣ್ಣೆ ಸೋರಿದರೆ ಬೋರ್ಡ್ ಇಳಿಸಬೇಕಾದವನು ನಾನು, ಹಿಂದೆ ಹತ್ತಿದೆ. ಕನಕಗಿರಿ ದಾಟಿ ರಸ್ತೆ ನೇರವಾದಾಗ ಮಾಮಾ ಹಿತ್ತಾಳೆಯ ಅಣಸು ಎಳೆದ. ಸದ್ದು ಇಳಿಯಿತು. ಅವ್ವ ಒಂದು ಕಣ್ಣು ತೆರೆದಳು. ಸ್ವಲ್ಪ ಹೊತ್ತಿಗೆ ಒಂದು ಕಿವಿಯ ಹತ್ತಿ ತೆಗೆದಳು. ಆಮೇಲೆ ಇನ್ನೊಂದು.

“ತಮ್ಮಾ, ನಿನ್ನ ಮೊಣಕಾಲು ಈಗ ಹೆಂಗ ಅದಾವು?”

“ಛಲೋ ಅದಾವಕ್ಕಾ.”

“ಸುಳ್ಳ ಹೇಳಬ್ಯಾಡ. ಗಾಡಿ ಹತ್ತೂ ಮುಂದ ನೋಡೀನಿ.”

ತಾವರಗೇರೆ ದಾಟಿ ಕುಷ್ಟಗಿಯವರೆಗೆ ಇಬ್ಬರೂ ಮಾತಾಡಿದರು. ನೆಂಟರಲ್ಲಿ ಯಾರನ್ನೂ ಬಿಡಲಿಲ್ಲ. ಕುಷ್ಟಗಿ ದಾಟಿದ ಮೇಲೆ ಅವ್ವನ ದನಿ ಕೇಳಲಿಲ್ಲ. ತಲೆ ತಿರುಗಿತೇ ಎಂದು ಬಗ್ಗಿ ನೋಡಿದೆ. ನಿದ್ದೆ ಹೋಗಿದ್ದಳು! ಈ ಮೂರು ವರ್ಷದಲ್ಲಿ ಹಗಲು ಹೊತ್ತು ಅವಳು ಹಾಗೆ ಮೈಮರೆತು ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಊರು ಬಂತು. ರಸ್ತೆಯ ದಂಡೆಗೇ ಮಾಮಾನ ಮನೆ. ಅವನ ಹೆಂಡತಿ ಕಾಲಿಗೆ ನೀರು, ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜೀಪು ನಿಲ್ಲಲಿಲ್ಲ! ಮಾಮಾ ಅವಳಿಗೆ ಕೈಯಲ್ಲೇ ‘ತಡಿ’ ಎಂದು ಸನ್ನೆ ಮಾಡಿ ಮುಂದೆ ಹೋದ. ಒಂದಷ್ಟು ದೂರ ಹೋಗಿ, ತಿರುಗಿಸಿ, ಮತ್ತೆ ಮನೆಯ ಮುಂದಿನಿಂದಲೇ ಹಾದ. ಆರತಿ ಆಗಲೂ ಅಲ್ಲೇ ಇತ್ತು. ಮೂರನೆಯ ಸಲ ತಿರುಗುವಾಗ ತಡೆಯಲಾಗಲಿಲ್ಲ.

“ಮಾಮಾ, ಮನಿ ಮೂರು ಸಲ ದಾಟಿತು!”

“ಮೆಲ್ಲಕ ಮಾತಾಡಲೇ. ನಿಲ್ಲಿಸಿದ್ರ ಅಕಿಗೆ ಎಚ್ಚರಾಕ್ಕೈತಿ.” ಅವನ ಕೈ ಹಿತ್ತಾಳೆಯ ಅಣಸಿನ ಮೇಲೆಯೇ ಇತ್ತು. “ನನ್ನ ತೊಟ್ಟಿಲಾ ತೂಗಿದಾಕಿ ಅಕಿ. ಒಂದ ತಾಸು ನಾ ತೂಗಿದ್ರ ಏನಾತು?”

ನಾನು ತಟ್ಟನೆ ಕೆಳಗೆ ಬಗ್ಗಿ, ಎಣ್ಣೆ ಸೋರುತ್ತಿದೆಯೇ ಎಂದು ಬಹಳ ಹೊತ್ತು ನೆಲದ ತಗಡನ್ನೇ ನೋಡುತ್ತ ಕುಳಿತೆ. ಜೀಪಿನಿಂದ ಒಂದು ಹನಿಯೂ ಸೋರಿರಲಿಲ್ಲ.