ದಿವಂಗತ ಡ್ರಮ್ಮರ್

ನಿವೃತ್ತ ಲೋಹತಜ್ಞ ಕೃಷ್ಣಮೂರ್ತಿಯವರು ಸರೋವರದ ನೀರಿನಲ್ಲಿ ಸೀಸ, ಪಾದರಸ ಎಷ್ಟಿದೆಯೆಂದು ತಿಳಿಯಲು ಆ ಶನಿವಾರ ಬೆಳಿಗ್ಗೆ ಇಂಟರ್ನೆಟ್ಟಿನಲ್ಲಿ ‘ಹೆವಿ ಮೆಟಲ್’ ಎಂದು ಹುಡುಕದೆ ಇದ್ದಿದ್ದರೆ, ಪರದೇಶದ ವಿಟ್ಬಿ ಊರಿನ ಅವರ ಪಕ್ಕದ ಮನೆಯ ಸತ್ಯಪ್ರಕಾಶನಿಗೆ ತಾನು ಹದಿನಾಲ್ಕು ವರ್ಷದ ಹಿಂದೆಯೇ ಸತ್ತ ವಿಷಯ ತಿಳಿಯುತ್ತಲೇ ಇರಲಿಲ್ಲ.

ಅವರಿಗೆ ಸಿಕ್ಕಿದ್ದು ಸೀಸವೂ ಅಲ್ಲ, ಪಾದರಸವೂ ಅಲ್ಲ. ‘ಹೆವಿ ಮೆಟಲ್’ ಎಂಬ ಅಬ್ಬರದ ಸಂಗೀತ ನುಡಿಸುವ, ಜಗತ್ತಿನ ಮೂಲೆಮೂಲೆಯ ಬ್ಯಾಂಡುಗಳ ಜಾತಕವನ್ನೆಲ್ಲ ಅಭಿಮಾನಿಗಳೇ ಸೇರಿ ಬರೆದಿಟ್ಟ ಜಾಲತಾಣ. ಯಾರು ಬೇಕಾದರೂ ಮಾಹಿತಿ ಸೇರಿಸಬಹುದು. ಮಾಡರೇಟರುಗಳು ನೋಡಿ ಒಪ್ಪಬೇಕು. ಇರಲಿ ಎಂದು ಕೃಷ್ಣಮೂರ್ತಿ ತಮ್ಮೂರು ಮೈಸೂರಿನ ಹೆಸರು ಹಾಕಿದರು. ‘ಕಪಾಲಕಂಪನ, 1999, ಒಂದೇ ಕ್ಯಾಸೆಟ್, ನಾಲ್ಕು ಹಾಡು’ ಎಂಬ ಪುಟ ತೆರೆಯಿತು. ಸೊಂಟದವರೆಗೆ ಕೂದಲು ಬಿಟ್ಟವನೊಬ್ಬನ ಚಿತ್ರ. ಕೆಳಗೆ, ‘ಡ್ರಮ್ಸ್: ಸತ್ಯಪ್ರಕಾಶ್. ನಿಧನ: 2011.’

‘ಇದು ನಮ್ಮ ಸತ್ಯಪ್ರಕಾಶನೇನಾ?’ ಎಂದು ಕೇಳಿ ಅವರು ಪುಟವನ್ನು ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದರು. ಗುಂಪಿನವರು ‘ನಿಧನ’ವನ್ನು ಓದಿದರು, ಇಸವಿಯನ್ನು ಓದಲಿಲ್ಲ. ಮುಗಿದ ಕೈಗಳ ಚಿತ್ರಗಳು ಹೊಳೆಯಂತೆ ಹರಿದವು.

ಹತ್ತು ಗಂಟೆಗೆ ಕರೆಗಂಟೆ ಬಡಿಯಿತು. ಸತ್ಯಪ್ರಕಾಶನೇ ಹೋಗಿ ಬಾಗಿಲು ತೆಗೆದ. ಹಿಂದಿನ ಬೀದಿಯ ವಿಜಯಾ ಕೊಳದಪ್ಪಲೆ ತುಂಬ ಮೊಸರನ್ನ ಹಿಡಿದು, ತಲೆ ತಗ್ಗಿಸಿ ನಿಂತಿದ್ದರು.

“ಶ್ರೀವಿದ್ಯಾ ಹೇಗಿದಾಳೆ?” ಎಂದು ಅವನ ಹೆಂಡತಿಯ ಬಗ್ಗೆ ಕೇಳಿದರು.

“ಚೆನ್ನಾಗಿದಾಳೆ. ಮಲಗಿದಾಳೆ.”

“ಮಲಗಲಿ, ಎಬ್ಬಿಸ್ಬೇಡಿ,” ಎನ್ನುತ್ತ ವಿಜಯಾ ತಲೆಯೆತ್ತಿದರು. “ಅಯ್ಯೋ! ಹೋಗಿದ್ದು ನೀವೇ ಅಲ್ವಾ?”

“ಎಲ್ಲಿಗೆ?”

ಮಧ್ಯಾಹ್ನದೊಳಗೆ ಅಡುಗೆಮನೆಯಲ್ಲಿ ಎರಡು ಪಾತ್ರೆ ಚಿತ್ರಾನ್ನ, ಒಂದು ಟ್ರೇ ಉಪ್ಪಿಟ್ಟು ಸೇರಿದವು. “ಬುಧವಾರದವರೆಗೆ ಅಡುಗೆ ಇಲ್ಲ. ಹಾಗೇ ಇರ್ಲಿ ಬಿಡ್ರೀ,” ಎಂದಳು ಹೆಂಡತಿ ಶ್ರೀವಿದ್ಯಾ.

ಸತ್ಯಪ್ರಕಾಶನಿಗೆ ಬಿಡಲಾಗಲಿಲ್ಲ. ಯೂನಿಯನ್‌ವಿಲ್ಲಿನ ಆಫೀಸಿನಲ್ಲಿ ಅವನು ಬರೆದ ಸಾಫ್ಟ್‌ವೇರಿನ ಮೇಲೆಲ್ಲ ಕಂಪನಿಯ ಹೆಸರು. ಅವನ ಹೆಸರು ಅಚ್ಚಾಗಿದ್ದದ್ದು ಆ ಕ್ಯಾಸೆಟ್ಟಿನ ಮೇಲೆ ಮಾತ್ರ. ಅದನ್ನು ಜಗತ್ತು ಮರೆತಿಲ್ಲವೆಂದು ತಿಳಿದ ದಿನವೇ, ತಾನು ಅದರಲ್ಲಿ ಹೆಣವಾಗಿರುವುದೂ ತಿಳಿದಿತ್ತು.

ಅವನು ಆ ದಿನದ ಪತ್ರಿಕೆ ಹಿಡಿದು ಸೆಲ್ಫಿ ತೆಗೆದು ಮಾಡರೇಟರಿಗೆ ಕಳಿಸಿದ. ಉತ್ತರ ಬಂತು: ‘ನಮ್ಮ ಡ್ರಮ್ಮರಿಗೆ ಕೂದಲಿದೆ. ನಿಮಗಿಲ್ಲ.’

ಅಷ್ಟರಲ್ಲಿ ಪಶ್ಚಾತ್ತಾಪದಿಂದ ಬೆಂದ ಕೃಷ್ಣಮೂರ್ತಿ ಲ್ಯಾಪ್‌ಟಾಪ್ ಹಿಡಿದು ಬಂದರು. “ನಾನು ಸಾಕ್ಷಿ ಹೇಳ್ತೀನಯ್ಯ. ದಿನಾ ನೋಡ್ತೀನಲ್ಲ ನಿನ್ನ.”

“ಸರ್, ಬೇಡ. ನೀವು ಸುಮ್ಮನಿದ್ರೆ ಸಾಕು.”

ಅವರು ಸುಮ್ಮನಿರಲಿಲ್ಲ. ಅದೇ ಮನೆಯ ವೈಫೈಯಲ್ಲಿ ಖಾತೆ ತೆರೆದು, ಸತ್ಯಪ್ರಕಾಶನ ಪ್ರಾಣದ ಬಗ್ಗೆ ಎರಡು ಪುಟ ಬರೆದು ಕಳಿಸಿಯೇಬಿಟ್ಟರು. ಮಾಡರೇಟರ್ ಸಿಟ್ಟಾದ: ‘ಸತ್ತವರ ಹೆಸರಿನಲ್ಲಿ ಒಂದೇ ಮನೆಯಿಂದ ಎರಡು ಖಾತೆ! ಬ್ಯಾಂಡಿನ ಸದಸ್ಯರು ಹೇಳಿದರೆ ಮಾತ್ರ ನಂಬುತ್ತೇವೆ.’

ಬ್ಯಾಂಡಿನಲ್ಲಿ ಇದ್ದದ್ದೇ ಇಬ್ಬರು. ಇನ್ನೊಬ್ಬ ಗಿಟಾರಿನ ಶೇಖಪ್ಪ. ಹುಬ್ಬಳ್ಳಿಯವನು, ಈಗ ಬ್ರ್ಯಾಂಪ್ಟನ್ನಿನಲ್ಲಿ ಲಾರಿ ಕಂಪನಿಯೊಂದರಲ್ಲಿದ್ದಾನೆ. ಬ್ಯಾಂಡಿಗೆ ಹೆಸರಿಟ್ಟದ್ದು ಯಾರೆಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಸತ್ಯಪ್ರಕಾಶ ಅಂಗಳದಲ್ಲಿ ಮೂರು ಸುತ್ತು ಹಾಕಿ, ಬಿಗುಮಾನ ಬಿಟ್ಟು ಫೋನ್ ಮಾಡಿದ.

“ಯಾರು, ಸತ್ಯಾನಾ? ಲೇ, ಆರಾಮ ಅದೀಯೇನು?”

“ಆರಾಮ ಎಲ್ಲಿ ಬಂತೋ! ಆ ವೆಬ್‌ಸೈಟಲ್ಲಿ ಯಾವನೋ ನನ್ನ ಸಾಯಿಸಿದಾನೆ.”

“ನಾನ ಅದು,” ಎಂದ ಶೇಖಪ್ಪ.

“ಏನು?”

“ನೀನ ಹೇಳಿದ್ಯಲ್ಲಪಾ ಫೋನಿನ್ಯಾಗ, ‘ಇವತ್ತಿಂದ ನಿನ್ನ ಪಾಲಿಗೆ ನಾನು ಸತ್ತೆ’ ಅಂತ. ಬ್ಯಾಂಡಿನ ಪುಟ ಮಾಡಿದಾಗ ನಾ ಅದನ್ನ ಬರದೆ. ಇಸವಿ ಸೈತ ಬರೋಬ್ಬರಿ ಐತಿ ನೋಡು.”

ಸತ್ಯಪ್ರಕಾಶನಿಗೆ ಬೈಯಬೇಕೆನಿಸಿತು. ಬಾಯಿಂದ ನಗು ಬಂತು. ಅತ್ತ ಶೇಖಪ್ಪನ ದನಿ ಮೆತ್ತಗಾಯಿತು. “ಬರದ ಮ್ಯಾಲೆ ನನಗೂ ಭಾಳ ಬ್ಯಾಸರಾಗಿತ್ತು ಬಿಡು. ಫೋನ್ ಇಡಬ್ಯಾಡ, ಈಗ ತಿದ್ದತೀನಿ. ಎಲ್ಲಾ ಖರೇ ಬರದು ಕಳಿಸ್ತೀನಿ.”

ಕಳಿಸಿದ. ಸಿಟ್ಟಿನಲ್ಲಿ ತಾನೇ ಸುಳ್ಳು ಬರೆದದ್ದು, ಗೆಳೆಯ ಗುಂಡುಕಲ್ಲಿನಂತಿರುವುದು, ಎಲ್ಲವನ್ನೂ. ಇಬ್ಬರೂ ಫೋನಿನಲ್ಲೇ ಹಳೆಯ ಹಾಡುಗಳನ್ನು ಗುನುಗುತ್ತ ಕಾದರು. ಅವು ಗುನುಗುವಂಥ ಹಾಡುಗಳಲ್ಲವಾದ್ದರಿಂದ ಶ್ರೀವಿದ್ಯಾ ಕೋಣೆಯ ಬಾಗಿಲು ಹಾಕಿಕೊಂಡಳು.

ನಾಲ್ಕು ಗಂಟೆಗೆ ಮಾಡರೇಟರಿಂದ ಸಂದೇಶ ಬಂತು: ‘ತಿದ್ದುಪಡಿ ಒಪ್ಪಿದ್ದೇವೆ. ಸತ್ಯಪ್ರಕಾಶ್ ಜೀವಂತ.’

“ಬದುಕಿದೆ ಕಣೋ!” ಎಂದು ಕೂಗಿದ ಸತ್ಯಪ್ರಕಾಶ. ಕೃಷ್ಣಮೂರ್ತಿ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಇನ್ನೊಂದು ಸಂದೇಶ ಬಂತು. ಅದನ್ನು ಕೃಷ್ಣಮೂರ್ತಿಯವರೇ ಕನ್ನಡಕ ಏರಿಸಿಕೊಂಡು, ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದರು: “ಬೇಕೆಂದೇ ಸುಳ್ಳು ಬರೆದದ್ದನ್ನು ಸದಸ್ಯ ಶೇಖಪ್ಪ ಒಪ್ಪಿಕೊಂಡಿರುವುದರಿಂದ, ಅವರು ಸೇರಿಸಿದ ಪುಟಗಳನ್ನೆಲ್ಲ ನಿಯಮದ ಪ್ರಕಾರ ಅಳಿಸಿದ್ದೇವೆ.”

ಸತ್ಯಪ್ರಕಾಶ ಫೋನನ್ನು ನಿಧಾನವಾಗಿ ಕಿವಿಗಿಟ್ಟುಕೊಂಡ.

“ಶೇಖಪ್ಪ, ನೀನು ಅದರಲ್ಲಿ ಎಷ್ಟು ಪುಟ ಸೇರಿಸಿದ್ಯೋ?”

“ಒಂದ ಪಾ,” ಎಂದ ಶೇಖಪ್ಪ.